ಮಗ ಆಫೀಸಿಗೆ ಹೋಗಲ್ಲ ಅಂತಾನೆ, ಇದು ಸೋಮಾರಿತನವಾ?

ಪ್ರಶ್ನೆ: ನಾನು ಉಡುಪಿಯವನು, ವಯಸ್ಸು 66. ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ ಸೀನಿಯರ್ ಮ್ಯಾನೇಜರ್ ಆಗಿ ನಿವೃತ್ತನಾದೆ. ಒಬ್ಬನೇ ಮಗ, 26 ವರ್ಷ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಸೇರಿ ಮೂರು ವರ್ಷವಾಯಿತು. ಮೊದಲ ನಾಲ್ಕು ತಿಂಗಳು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮನೆಯ ಮಹಡಿ ಕೋಣೆಯಲ್ಲೇ. ಬೆಳಗ್ಗೆ ಒಂಬತ್ತೂವರೆಗೆ ಎದ್ದು ಬರ್ಮುಡಾದಲ್ಲೇ ಲ್ಯಾಪ್‌ಟಾಪ್ ಎದುರು ಕೂರ್ತಾನೆ. ಮಧ್ಯಾಹ್ನ ಊಟ ಮಾಡಿ ಮಲಗಿದ್ದನ್ನೂ ನೋಡಿದ್ದೇನೆ. ಸಂಬಳ ಮಾತ್ರ ತಪ್ಪದೆ ಬರ್ತದೆ. ಈಗ ಕಂಪನಿಯವರು ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂತ ಮೇಲ್ ಕಳಿಸಿದ್ದಾರೆ, ಎರಡು ತಿಂಗಳ ಗಡುವು ಉಂಟು. ಇವನು ರಾಜೀನಾಮೆ ಕೊಡ್ತೇನೆ ಅಂತಾನೆ. ಕೆಲಸ ಅಂದ ಮೇಲೆ ಕರೆದಲ್ಲಿಗೆ ಹೋಗಬೇಕು. ನಾನು ಬಿಹಾರಕ್ಕೂ ಹೋದೆ, ಆಂಧ್ರಕ್ಕೂ ಹೋದೆ, ಹೆಂಡತಿ ಮಗನನ್ನು ಇಲ್ಲೇ ಬಿಟ್ಟು. ಮನೆಯವಳು ಅವನ ಪರ. ಅವಳಿಗೆ ಮಂಡಿನೋವು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅವನೇ. ಅವನು ಹೋದರೆ ಮನೆ ಬಿಕೋ ಅನ್ನುತ್ತದೆ, ಅದೂ ನಿಜ. ಆದರೆ ಹೀಗೆ ಮನೆಯಲ್ಲಿ ಕೂತು ಮಾಡುವುದು ಕೆಲಸವಾ? ಎಷ್ಟು ದಿನ ನಡೆಯುತ್ತದೆ? ಹೆಣ್ಣಿನ ಕಡೆಯವರು ಕೇಳಿದರೆ ಎಂತ ಹೇಳುವುದು? ಬಲವಂತ ಮಾಡಿ ಕಳಿಸಲಾ?
(ಹೆಸರು ಬೇಡ, ಉಡುಪಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗ ಸೋಮಾರಿಯಾಗುತ್ತಿದ್ದಾನೆ ಅನ್ನುವುದು ನಿಮ್ಮ ಮೇಲಿನ ಚಿಂತೆ. ಅದರ ಕೆಳಗೆ ಇನ್ನೊಂದಿದೆ: ಈ ಕೆಲಸಕ್ಕೆ ಬುಡ ಗಟ್ಟಿ ಇದೆಯಾ, ನಾಳೆ ಇವನು ಕೈಬಿಟ್ಟುಕೊಂಡು ಕೂರುತ್ತಾನಾ ಅಂತ. ಮೊದಲನೆಯದು ಹೆಚ್ಚು ಕಡಿಮೆ ಆಧಾರವಿಲ್ಲದ ಭಯ. ಎರಡನೆಯದರಲ್ಲಿ ಹುರುಳಿದೆ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಕಂಪನಿಗಳ ಎಚ್‌ಆರ್ ವಿಭಾಗಗಳಲ್ಲಿ ಬಹಳ ವರ್ಷ ಕಳೆದು ಈಗ ಮಂಗಳೂರಿನಲ್ಲಿ ಉದ್ಯೋಗ ಸಲಹೆ ಕೊಡುತ್ತಿದ್ದೇನೆ. ನನ್ನ ಹತ್ತಿರ ಬರುವ ಅಪ್ಪ-ಮಕ್ಕಳ ಜಗಳಗಳಲ್ಲಿ ಈಚೆಗೆ ಇದೇ ಜಾಸ್ತಿ.

ಮೊದಲು ಆ ಒಂಬತ್ತೂವರೆಯ ವಿಷಯ. ಅವನು ಎಷ್ಟಕ್ಕೆ ಎದ್ದ ಅಂತ ನೋಡಿದ್ದೀರಿ. ಎಷ್ಟಕ್ಕೆ ಮಲಗಿದ ಅಂತ ನೋಡಿದ್ದೀರಾ? ಇವನ ಕಂಪನಿಗೆ ಅಮೆರಿಕದ ಗಿರಾಕಿಗಳಿದ್ದರೆ, ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಒಂಬತ್ತಾಗುವಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ಹಾಕುತ್ತಾರೆ, ಆಗ ಇಲ್ಲಿ ಹತ್ತೂವರೆ. ಅವರ ದಿನ ಶುರುವಾಗುವ ಹೊತ್ತಿಗೆ ನೀವು ಊಟ ಮುಗಿಸಿ ಮಲಗಿರುತ್ತೀರಿ. ಮಹಡಿಯಲ್ಲಿ ಆಗ ಮೀಟಿಂಗ್ ನಡೆಯುತ್ತಿರುತ್ತದೆ. ಮಧ್ಯಾಹ್ನದ ನಿದ್ದೆಗೆ ಅದೂ ಒಂದು ಕಾರಣ ಇರಬಹುದು. ಇರದೆಯೂ ಇರಬಹುದು, ಬೇಸಿಗೆಯ ಸೆಕೆಯಲ್ಲಿ ಕುಚ್ಚಲಕ್ಕಿ ಅನ್ನ ಉಂಡು ಕಣ್ಣು ಎಳೆಯದವರು ಯಾರು?

ಅವನು ಕೆಲಸ ಮಾಡಿದನೋ ಇಲ್ಲವೋ ಅನ್ನುವುದಕ್ಕೆ ಕಂಪನಿಯ ಹತ್ತಿರ ನಿಮಗಿಂತ ಕಟ್ಟುನಿಟ್ಟಾದ ಲೆಕ್ಕ ಇದೆ. ಸಾಫ್ಟ್‌ವೇರ್ ತಂಡಗಳಲ್ಲಿ ಪ್ರತಿ ಕೆಲಸವನ್ನೂ ಒಂದು ಟಿಕೆಟ್ ಮಾಡಿ ಹಂಚುತ್ತಾರೆ. ಯಾರು ತೆಗೆದುಕೊಂಡರು, ಯಾವತ್ತು ಮುಗಿಸಿದರು, ಎಷ್ಟು ಸಲ ತಿದ್ದಬೇಕಾಯಿತು, ಎಲ್ಲ ದಾಖಲಾಗುತ್ತದೆ. ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಮುಂದೆ ಹೋಗುವುದು. ದಿನಾ ಬೆಳಗ್ಗೆ ಹದಿನೈದು ನಿಮಿಷದ ಒಂದು ಮೀಟಿಂಗ್ ಇರುತ್ತದೆ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ ಅಂತ ಎಲ್ಲರೆದುರು ಹೇಳಬೇಕು. ಮೂರು ವರ್ಷ ಇಲ್ಲಿ ಸುಮ್ನೆ ಕೂತು ಸಂಬಳ ಎಣಿಸಲು ಆಗುವುದಿಲ್ಲ.

ಹಾಗಾದರೆ ನಿಮಗೆ ಯಾಕೆ ಕಸಿವಿಸಿ? ನಿಮ್ಮ ತಪ್ಪಲ್ಲ. ನಿಮ್ಮ ಕೆಲಸ ಜಾಗಕ್ಕೆ ಕಟ್ಟಿಕೊಂಡಿತ್ತು. ಕಂಪ್ಯೂಟರ್ ಬರುವ ಮೊದಲಿನ ಬ್ರಾಂಚನ್ನು ನೆನಪು ಮಾಡಿಕೊಳ್ಳಿ. ಲೆಡ್ಜರ್ ಇದ್ದದ್ದು ಕೌಂಟರಿನ ಹಿಂದೆ. ಗಿರಾಕಿ ಟೋಕನ್ ಹಿಡಿದು ಎದುರಿಗೆ ನಿಂತಿರುತ್ತಿದ್ದ. ಲಾಕರು, ಕ್ಯಾಶ್ ಸೇಫು ಜಾಯಿಂಟ್ ಕಸ್ಟಡಿಯಲ್ಲಿ, ಇಬ್ಬರ ಹತ್ತಿರ ಒಂದೊಂದು ಕೀ, ಒಬ್ಬ ಬರದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅರ್ಧವಾರ್ಷಿಕ ಕ್ಲೋಸಿಂಗ್ ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಕೂತು ಬಡ್ಡಿ ಲೆಕ್ಕ ಹಾಕಿದ್ದೀರಿ. ಅಲ್ಲಿ ಹಾಜರಿ ಮತ್ತು ಕೆಲಸ ಬೇರೆ ಬೇರೆ ಆಗಿರಲೇ ಇಲ್ಲ. ಅಷ್ಟು ವರ್ಷ ಹಾಗೆ ದುಡಿದವರಿಗೆ, ಬರ್ಮುಡಾದಲ್ಲಿ ಕೂತವನು ಕೆಲಸ ಮಾಡುತ್ತಿದ್ದಾನೆ ಅಂದರೆ ಮನಸ್ಸು ಒಪ್ಪದಿರುವುದು ಸಹಜ.

ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಮನೆಯಲ್ಲಿ ಕೂತು ಮಾಡುವ ಕೆಲಸ ಹೊಸತೇನಲ್ಲ. 2020ರ ಲಾಕ್‌ಡೌನ್ ತಂದ ಫ್ಯಾಷನ್ ಅದು ಅಂತ ಹೇಳುವವರು ಬೀಡಿ ಕಟ್ಟಿದವರನ್ನು ಮರೆತಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟು ಮನೆಗಳ ಮಕ್ಕಳು ಆ ದುಡ್ಡಲ್ಲಿ ಶಾಲೆ ಕಲಿತರು! ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ತೊಡೆಯ ಮೇಲಿಟ್ಟುಕೊಂಡು ಕೂರುವುದು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವುದು. ಬಾಯಲ್ಲಿ ಪಕ್ಕದ ಮನೆಯವರ ಹತ್ತಿರ ಮಾತು ನಡೆಯುತ್ತಿದ್ದರೂ ಬೆರಳು ನಿಲ್ಲುವುದಿಲ್ಲ. ವಾರದಲ್ಲಿ ನಿಗದಿಯಾದ ದಿನ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಒಯ್ದು ಕೊಡಬೇಕು. ಎಷ್ಟು ಗಂಟೆ ಕೂತೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಎಷ್ಟು ಬೀಡಿ, ಹೇಗಿದೆ ಅಂತ ಅಷ್ಟೇ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಒಪ್ಪಿತು. ಮುಂದೆ ಅವರಿಗೆ ಪಿಎಫ್ ಕೂಡ ಬಂತು.

ಆದರೂ ಊರಲ್ಲಿ ಅವರನ್ನು ಕೆಲಸಕ್ಕೆ ಹೋಗುವವಳು ಅಂತ ಯಾರೂ ಹೇಳಲಿಲ್ಲ. "ಮನೆಯಲ್ಲೇ ಇದ್ದಾಳೆ, ಬೀಡಿ ಕಟ್ತಾಳೆ" ಅಂತಿದ್ದರು. ಈಗ ನಿಮ್ಮ ಮಗನಿಗೂ ಅದೇ ಆಗುತ್ತಿದೆ, ಸಂಬಳ ಮಾತ್ರ ಬೇರೆ. ನಿಮ್ಮ ಬ್ಯಾಂಕುಗಳಲ್ಲೂ ಕುರ್ಚಿಯಿಲ್ಲದ ಕೆಲಸಗಾರರು ಇದ್ದರಲ್ಲ, ದಿನಾ ಸಣ್ಣ ಸಣ್ಣ ಉಳಿತಾಯದ ದುಡ್ಡು ಒಟ್ಟು ಮಾಡುವ ಪಿಗ್ಮಿ ಸಂಗ್ರಹಕಾರರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಆ ಯೋಜನೆ ನಡೆದದ್ದೇ ಮನೆಮನೆ, ಅಂಗಡಿ ಅಂಗಡಿ ತಿರುಗಿದವರ ಕಾಲ ಮೇಲೆ.

ಬೀಡಿಯ ಮಾತು ಸುಮ್ಮನೆ ಎತ್ತಲಿಲ್ಲ. ಅದರಲ್ಲಿ ಒಂದು ಎಚ್ಚರಿಕೆಯೂ ಇದೆ. ಮನೆಯಲ್ಲಿ ಒಬ್ಬೊಬ್ಬರೇ ಕೂತವರ ಕೈ ಯಾವಾಗಲೂ ಸ್ವಲ್ಪ ಕೆಳಗೆ. ಬ್ರಾಂಚಿನವನು ಇದು ಸರಿಯಿಲ್ಲ ಅಂತ ಒಂದು ಹಿಡಿ ಬೀಡಿ ಪಕ್ಕಕ್ಕೆ ತೆಗೆದಿಟ್ಟರೆ ಒಂಟಿ ಹೆಂಗಸು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಹತ್ತು ಜನ ಒಟ್ಟಿಗೆ ಕೂತು ಮಾಡುವ ಕಡೆ ಹಾಗೆ ಆಗುವುದು ಕಷ್ಟ. ದೂರದಿಂದ ಕೆಲಸ ಮಾಡುವವರ ನಿಜವಾದ ಅಪಾಯ ಸೋಮಾರಿತನ ಅಲ್ಲ, ಯಾರ ಕಣ್ಣಿಗೂ ಬೀಳದೆ ಉಳಿಯುವುದು.

ಇದಕ್ಕೆ ಅಧ್ಯಯನಗಳ ಆಧಾರವೂ ಇದೆ. ಚೀನಾದ ಒಂದು ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಸ್ಟ್ಯಾನ್‌ಫೋರ್ಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ಕೆಲಸ ಮಾಡಿದವರ ಕೆಲಸ 13 ಶೇಕಡಾ ಜಾಸ್ತಿಯಾಗಿತ್ತು. ಕೆಲಸ ಬಿಟ್ಟು ಹೋಗುವವರು ಅರ್ಧದಷ್ಟಾಗಿದ್ದರು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಬಡ್ತಿ ಸಿಕ್ಕಿದ್ದು ಕಡಿಮೆ. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ತಾವಾಗಿ ಆಫೀಸಿಗೆ ವಾಪಸಾದರು, ಮನೆಯಲ್ಲಿ ಒಂಟಿತನ ಅಂತ. ನಮ್ಮ ಪಕ್ಕದ ಚೆನ್ನೈಯಲ್ಲೂ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ಒಂದು ಪ್ರಯೋಗ ನಡೆಯಿತು. ಅಲ್ಲಿ ಫಲ ಉಲ್ಟಾ. ಮನೆಯಲ್ಲಿ ಕೂತವರ ಕೆಲಸ ಆಫೀಸಿನವರಿಗಿಂತ 18 ಶೇಕಡಾ ಕಡಿಮೆಯಿತ್ತು, ಆಫೀಸಿನವರು ಬೇಗ ಕಲಿತರು ಕೂಡ. 2024ರಲ್ಲಿ ಬ್ಲೂಮ್ ಅದೇ ಚೀನೀ ಕಂಪನಿಯಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಇನ್ನೊಂದು ಪ್ರಯೋಗದ ಫಲ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು ಮಾಡಿದವರಿಗೆ ಬಡ್ತಿಯಲ್ಲೂ ಕೆಲಸದಲ್ಲೂ ಏನೂ ಕಡಿಮೆಯಾಗಲಿಲ್ಲ, ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು.

ಮನೆ ಒಳ್ಳೆಯದಾ ಆಫೀಸು ಒಳ್ಳೆಯದಾ ಅನ್ನುವ ಪ್ರಶ್ನೆಗೆ ಹಾಗಾಗಿ ಒಂದೇ ಉತ್ತರ ಇಲ್ಲ. ಯಾವ ಕೆಲಸ, ಮನೆಯಲ್ಲಿ ಎಂಥ ಕೋಣೆ, ವೃತ್ತಿಯ ಯಾವ ಹಂತ, ಇವುಗಳ ಮೇಲೆ ನಿಂತಿದೆ.

ನನಗೆ ನಿಮ್ಮ ಪತ್ರದಲ್ಲಿ ಚುಚ್ಚಿದ್ದು ಬರ್ಮುಡಾ ಅಲ್ಲ, "ಮೊದಲ ನಾಲ್ಕು ತಿಂಗಳು ಬಿಟ್ಟರೆ" ಅನ್ನುವ ಮಾತು. 23ಕ್ಕೆ ಕೆಲಸಕ್ಕೆ ಸೇರಿದ ಹುಡುಗ ನಾಲ್ಕೇ ತಿಂಗಳು ಜನರ ಮಧ್ಯೆ ಕೂತಿದ್ದಾನೆ. ಬಂದ ಗಿರಾಕಿಯ ಮುಖ ನೋಡಿಯೇ ಸರಿಯಿಲ್ಲ ಅಂತ ಅನುಮಾನ ಪಡುವುದನ್ನು, ಸಹಿಯಲ್ಲಿ ಒಂದು ಗೆರೆ ಆಚೀಚೆ ಆದದ್ದನ್ನು ಹಿಡಿಯುವುದನ್ನು ನೀವು ಯಾವ ಟ್ರೇನಿಂಗಿನಲ್ಲಿ ಕಲಿತಿರಿ? ಪಕ್ಕದ ಮೇಜಿನ ಹೆಡ್ ಕ್ಲರ್ಕ್ ಮಾಡುವುದನ್ನು ನೋಡಿ, ಅವರ ಹತ್ತಿರ ಬೈಸಿಕೊಂಡು ಕಲಿತಿರಿ. ಸಾಫ್ಟ್‌ವೇರಿನಲ್ಲೂ ಹಾಗೇ. ಅಮೆರಿಕದ ಒಂದು ದೊಡ್ಡ ಕಂಪನಿಯ ಎಂಜಿನಿಯರುಗಳ ಮೇಲೆ ನಡೆದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ತಂಡದವರ ಹತ್ತಿರ ಕೂತಾಗ ಕಿರಿಯರಿಗೆ ತಮ್ಮ ಕೋಡಿನ ಬಗ್ಗೆ ಜಾಸ್ತಿ ತಿದ್ದುಪಡಿ, ಸಲಹೆ ಸಿಗುತ್ತಿತ್ತು. ಆದರೆ ಹಿರಿಯರ ಸ್ವಂತ ಕೆಲಸ ಆಗ ಕಡಿಮೆಯಾಗುತ್ತಿತ್ತು, ಕಲಿಸುವುದಕ್ಕೆ ಅವರ ಹೊತ್ತು ಹೋಗುತ್ತದಲ್ಲ. ಮನೆಯಿಂದ ಕೆಲಸ ಮಾಡಿದಾಗ ಹಿರಿಯನಿಗೆ ಲಾಭ, ಕಿರಿಯನಿಗೆ ನಷ್ಟ. ಆ ನಷ್ಟ ತಿಂಗಳ ಸಂಬಳದಲ್ಲಿ ಕಾಣುವುದಿಲ್ಲ. ಐದಾರು ವರ್ಷ ಕಳೆದು ಬೇರೆ ಕಡೆ ಇಂಟರ್‌ವ್ಯೂಗೆ ಕೂತಾಗ ಕಾಣುತ್ತದೆ.

ಇದನ್ನೂ ಹೇಳಲೇಬೇಕು. "ಹುಡುಗರಿಗೆ ಮನೆ ಬೇಕು, ಹಿರಿಯರಿಗೆ ಆಫೀಸು ಬೇಕು" ಅನ್ನುವುದು ಅರ್ಧ ಸುಳ್ಳು. ನನ್ನ ಹತ್ತಿರ ಬರುವವರಲ್ಲಿ ಆಫೀಸು ಬೇಕೇ ಬೇಕು ಅನ್ನುವವರು ಜಾಸ್ತಿ 22, 23ರ ಮಕ್ಕಳೇ. ಪಿಜಿಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದ ಮಂಚದವನ ಮೀಟಿಂಗ್ ಕೇಳಿಸಿಕೊಳ್ಳುತ್ತ ಕೆಲಸ ಮಾಡಿ ಸಾಕಾಗಿದೆ ಅವರಿಗೆ. ಸ್ನೇಹಿತರು ಬೇಕು, ಕ್ಯಾಂಟೀನ್ ಬೇಕು, ಎಸಿ ಬೇಕು. ಮನೆಯೇ ಬೇಕು ಅನ್ನುವವರು ನಲವತ್ತರ ಆಸುಪಾಸಿನವರು, ಮಂಗಳೂರಿನ ಬಿಜೈಯಲ್ಲೋ ಉಡುಪಿಯ ಕುಂಜಿಬೆಟ್ಟಿನಲ್ಲೋ ಸ್ವಂತ ಮನೆ, ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರುವವರು. ಅವರು ಕೆಲಸ ಕಲಿತು ಮುಗಿಸಿದ್ದಾರೆ, ಹೆಸರು ಗಳಿಸಿದ್ದಾರೆ. ಮಂಗಳೂರಿನಿಂದಲೇ ತಂಡ ನಡೆಸಬಲ್ಲರು.

ಸೊಸೆಯಂದಿರ ಕಥೆ ಇನ್ನೊಂದು. ಮನೆಯಿಂದ ಕೆಲಸ ಸಿಕ್ಕಿದರೆ ಹೆಂಗಸರಿಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವರಿಗೆ ನಿಜ. ಆದರೆ "ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ, ಒಂದು ಸಾರು ಮಾಡಿಬಿಡು" ಅಂತ ಅತ್ತೆ, "ಮೀನಿನವಳು ಬಂದಿದ್ದಾಳೆ, ಸ್ವಲ್ಪ ನೋಡು" ಅಂತ ಮಾವ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಬಂಗುಡೆ ತೊಟ್ಟೆ. ಆಫೀಸು ವಾಪಸು ತೆರೆದಾಗ ಮೊದಲ ದಿನವೇ ಓಡಿದ ಹೆಣ್ಣುಮಕ್ಕಳು ನನಗೆ ಗೊತ್ತು. ಬಸ್ಸಿನಲ್ಲಿ ಒಂದು ಗಂಟೆ ನಿಂತರೂ ಪರವಾಗಿಲ್ಲ, ಅದು ನನ್ನ ಒಂದು ಗಂಟೆ ಅನ್ನುತ್ತಿದ್ದಳು ಒಬ್ಬಳು.

ಇನ್ನು ಭದ್ರತೆ. ಆಫೀಸು ಇದ್ದರೆ ಕೆಲಸ ಗಟ್ಟಿ ಅನ್ನುವ ನಂಬಿಕೆ ನಮ್ಮ ಊರಿನದು, ಯಾಕೆಂದರೆ ನಮ್ಮದು ಬ್ಯಾಂಕುಗಳ ಊರು. ಕೆನರಾ, ಕಾರ್ಪೊರೇಷನ್ ಎರಡೂ 1906ರವು, ಕರ್ಣಾಟಕ ಬ್ಯಾಂಕು 1924, ಸಿಂಡಿಕೇಟ್ 1925, ವಿಜಯ 1931. ಇವುಗಳಲ್ಲಿ ವಿಜಯ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ನಿಮ್ಮವರ ಕೆಲಸ ಹೋಗಲಿಲ್ಲ, ಪೆನ್ಷನ್ನೂ ಬರುತ್ತಿದೆ, ಅದು ಬೇರೆ. ಖಾಸಗಿ ಐಟಿ ಕಂಪನಿಯಲ್ಲಿ ಆ ಭರವಸೆ ಆಫೀಸಿಗೆ ಹೋಗುವವನಿಗೂ ಇಲ್ಲ, ಮನೆಯಲ್ಲಿರುವವನಿಗೂ ಇಲ್ಲ. ಜನ ಕಡಿಮೆ ಮಾಡುವಾಗ ಇಡೀ ಪ್ರಾಜೆಕ್ಟೇ ಹೋಗುತ್ತದೆ. ಆದರೆ ಇಬ್ಬರಲ್ಲಿ ಒಬ್ಬನನ್ನು ಉಳಿಸಿಕೊಳ್ಳಬೇಕು ಅಂತ ಬಂದರೆ ಮ್ಯಾನೇಜರಿಗೆ ಮುಖ ಗೊತ್ತಿರುವವನಿಗೆ ಸ್ವಲ್ಪ ಅನುಕೂಲ. ಇದು ಅನ್ಯಾಯ ಇರಬಹುದು, ಅಂಥ ಮೀಟಿಂಗುಗಳಲ್ಲಿ ಕೂತ ನನಗೆ ಗೊತ್ತಿರುವ ಸತ್ಯ.

ಕಂಪನಿಗಳು ಯಾಕೆ ವಾಪಸು ಕರೆಯುತ್ತಿವೆ ಅಂತ ನಿಮ್ಮ ಮಗ ಕೂಗಾಡುತ್ತಿರಬಹುದು. ಕಾರಣ ಹಲವು. ಬಾಡಿಗೆ ಕೊಟ್ಟ ಕಟ್ಟಡ ಖಾಲಿ ಬಿದ್ದಿದೆ, ಗಿರಾಕಿಗಳ ಮಾಹಿತಿ ಭದ್ರತೆಯ ಒತ್ತಾಯ ಇದೆ, ಹೊಸಬರನ್ನು ತಯಾರು ಮಾಡುವುದು ಕಷ್ಟವಾಗಿದೆ. ಕೆಲವು ಕಡೆ, ಬರಲಾರದವರು ತಾವಾಗಿ ಬಿಟ್ಟು ಹೋಗಲಿ ಅನ್ನುವ ಲೆಕ್ಕವೂ ಉಂಟು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟಿಸಿಎಸ್ 2023ರಿಂದ ಐದೂ ದಿನ ಬನ್ನಿ ಅಂದಿದೆ, ಅಮೆಜಾನ್ 2025ರ ಜನವರಿಯಿಂದ. ಇನ್ಫೋಸಿಸ್ 2025ರ ಮಾರ್ಚಿನಿಂದ ಕೆಳಗಿನ ಹಂತದ ನೌಕರರಿಗೆ ತಿಂಗಳಿಗೆ ಹತ್ತು ದಿನ ಆಫೀಸು ಕಡ್ಡಾಯ ಮಾಡಿತು. ಅಂದರೆ ವಾರಕ್ಕೆ ಮೂರು ದಿನ ಅನ್ನುವುದು ಈಗಿನ ಮಾರುಕಟ್ಟೆಯಲ್ಲಿ ಕ್ರೂರವಾದ ಷರತ್ತೇನಲ್ಲ. ಪೂರ್ತಿ ಮನೆಯಿಂದ ಕೆಲಸ ಕೊಡುವ ಕಡೆ ಹುಡುಕುವವರ ಸಾಲು ಉದ್ದ ಇದೆ.

ಈಗ ಮುಂದೇನು ಮಾಡಬಹುದು ನೋಡೋಣ.

ಕಂಪನಿ ಹೇಳಿದ ಹಾಗೆ ಬೆಂಗಳೂರಿಗೆ ಹೋಗುವುದು ಒಂದು ದಾರಿ. ವಾರವಾರ ಉಡುಪಿಗೆ ಬಂದು ಹೋಗುತ್ತೇನೆ ಅಂತ ಅವನು ಲೆಕ್ಕ ಹಾಕಿದ್ದರೆ ಬೇಡ ಅನ್ನಿ. ರಾತ್ರಿ ಬಸ್ಸು ಅಥವಾ ಪಂಚಗಂಗಾ ರೈಲಿನಲ್ಲಿ ಬಂದು ಹೋಗಿ ಎರಡು ತಿಂಗಳು ಮಾಡಬಹುದು, ಮೂರನೇ ತಿಂಗಳು ಬೆನ್ನು ಕೇಳುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಸೋಮವಾರ ಬೆಳಗ್ಗೆ ಮೀಟಿಂಗಿಗೆ ಸಕಲೇಶಪುರದಿಂದಲೇ ಕೂರಬೇಕಾದೀತು. ಬೆಂಗಳೂರಿನಲ್ಲೇ ಒಂದು ಕೋಣೆ ಮಾಡಿಕೊಂಡು, ತಿಂಗಳಿಗೊಮ್ಮೆ ಬಂದು ಮನೆಯಿಂದ ಮಾಡುವ ದಿನಗಳನ್ನು ಇಲ್ಲಿ ಕಳೆಯುವುದು ಒಳ್ಳೆಯದು. ಬಾಡಿಗೆ, ಊಟ, ಓಡಾಟ ಎಲ್ಲ ಸೇರಿ ಉಳಿತಾಯ ಖಂಡಿತ ಕಡಿಮೆಯಾಗುತ್ತದೆ. ಅದನ್ನು ಕಲಿಕೆಯ ಫೀಸು ಅಂತ ಲೆಕ್ಕ ಹಾಕಬಹುದು, ಆದರೆ ಕಲಿಸುವವರು ಆ ಆಫೀಸಿನಲ್ಲಿ ಇದ್ದರೆ ಮಾತ್ರ. ಬೆಂಗಳೂರಿನ ಆಫೀಸಿಗೆ ಹೋಗಿ, ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ತಂಡದ ಜೊತೆ ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಮಾತಾಡಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಅಂಥ ಆಫೀಸಿಗೆ ಹೋಗುವುದು ಶುದ್ಧ ಹಾಜರಿ ಪುಸ್ತಕದ ಕೆಲಸ. ನಿನ್ನ ಸೀನಿಯರ್ ಕೂರುವುದು ಎಲ್ಲಿ ಅಂತ ಮೊದಲು ಮಗನನ್ನು ಕೇಳಿ.

ವಿನಾಯಿತಿ ಕೇಳುವುದು ಇನ್ನೊಂದು. ಅಮ್ಮನ ಆರೋಗ್ಯದ ಕಾರಣ ನಿಜವಾದದ್ದೇ, ಅದನ್ನು ಹೇಳಬಹುದು. ತಿಂಗಳಿಗೆ ಒಂದು ಪೂರ್ತಿ ವಾರ ಬಂದು ಕೂರುತ್ತೇನೆ, ಉಳಿದದ್ದು ಇಲ್ಲಿಂದ ಮಾಡುತ್ತೇನೆ ಅಂತ ತಾನಾಗಿ ಒಂದು ಪ್ರಸ್ತಾಪ ಇಟ್ಟರೆ ಮ್ಯಾನೇಜರ್ ಕಿವಿ ಕೊಡುವುದು ಜಾಸ್ತಿ. ಬರೇ "ಆಗುವುದಿಲ್ಲ" ಅಂದರೆ ಯಾರೂ ಕೇಳುವುದಿಲ್ಲ. ಒಪ್ಪಿಗೆ ಸಿಕ್ಕಿದರೆ ಮೇಲ್‌ನಲ್ಲಿ ಬರಬೇಕು. ಬಾಯಿಮಾತಿನ ಒಪ್ಪಿಗೆ ಆ ಮ್ಯಾನೇಜರ್ ಇರುವ ತನಕ ಮಾತ್ರ. ಮನೆಯಿಂದ ಕೆಲಸ ಮಾಡುವುದು ನನ್ನ ಹಕ್ಕು ಅಂತ ವಾದಿಸಿದರೂ ಪ್ರಯೋಜನ ಇಲ್ಲ. ಹೆರಿಗೆ ಸೌಲಭ್ಯದ ಕಾನೂನು ಕೂಡ ಬಾಣಂತನದ ರಜೆಯ ನಂತರ ಮನೆಯಿಂದ ಕೆಲಸಕ್ಕೆ ಅವಕಾಶ ಕೊಡುವುದು ಮಾಲೀಕರು ಒಪ್ಪಿದರೆ ಮಾತ್ರ. ಹೀಗಿರುವಾಗ ಉಳಿದವರ ಮಾತೇನು?

ಊರಲ್ಲೇ ಆಫೀಸು ಇರುವ ಕೆಲಸ ಹುಡುಕುವುದನ್ನು ಅಪ್ಪ ಮಗ ಇಬ್ಬರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ನನಗೆ ಇದು ಇಷ್ಟ. ಮಂಗಳೂರಿನ ಹತ್ತಿರ ಮುಡಿಪಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ. ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ 1996ರಲ್ಲಿ ಶುರುವಾದದ್ದೇ ನಿಮ್ಮ ಉಡುಪಿಯಲ್ಲಿ. ಮಣಿಪಾಲ, ಮಂಗಳೂರಿನಲ್ಲಿ ಸಣ್ಣ ಕಂಪನಿಗಳೂ ಇವೆ. ಬೆಂಗಳೂರಿನಷ್ಟು ಸಂಬಳ ಸಿಗದಿರಬಹುದು, ಕೆಲಸದ ವೈವಿಧ್ಯವೂ ಕಡಿಮೆ, ಒಂದು ಕಡೆ ಸರಿಹೋಗದಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಅಂತ ಇಲ್ಲ. ಆದರೆ ಮನೆ ಊಟವೂ ಸಿಗುತ್ತದೆ, ತಿದ್ದಿ ಹೇಳುವ ಸೀನಿಯರೂ ಸಿಗುತ್ತಾರೆ.

ವಿದೇಶಿ ಕಂಪನಿಗೆ ಮನೆಯಿಂದಲೇ ಕಾಂಟ್ರಾಕ್ಟ್ ಮೇಲೆ ಮಾಡುವುದರ ಮೇಲೆ ಹುಡುಗರಿಗೆ ಬಹಳ ಆಸೆ. ದುಡ್ಡು ಚೆನ್ನಾಗಿದೆ. ಆದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಆರೋಗ್ಯ ವಿಮೆ ತಾನೇ ಮಾಡಿಸಬೇಕು, ಮುಂಗಡ ತೆರಿಗೆ ತಾನೇ ಕಟ್ಟಬೇಕು, ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ನಾಳೆಯಿಂದ ಬೇಡ ಅಂದರೆ ಮುಗಿಯಿತು. ಹತ್ತು ವರ್ಷ ಅನುಭವ ಇರುವವನಿಗೆ ಇದು ಸರಿ, ಮೂರು ವರ್ಷದವನಿಗೆ ಬೇಡ ಅಂತ ನನ್ನ ಅಭಿಪ್ರಾಯ.

ಮಾಡಬಾರದ್ದು ಒಂದಿದೆ: ಕೈಯಲ್ಲಿ ಬೇರೆ ಆಫರ್ ಲೆಟರ್ ಇಲ್ಲದೆ ಸಿಟ್ಟಿನಲ್ಲಿ ರಾಜೀನಾಮೆ ಮೇಲ್ ಕಳಿಸುವುದು. ನೋಟಿಸ್ ಅವಧಿ ಅವನ ನೇಮಕಾತಿ ಪತ್ರದಲ್ಲಿ ಇರುತ್ತದೆ, ಎಷ್ಟೋ ಕಂಪನಿಗಳಲ್ಲಿ ಮೂರು ತಿಂಗಳು. ಹೊಸ ಕಡೆಯವರು ಅಷ್ಟು ಕಾಯುತ್ತಾರಾ ಅಂತಲೂ ನೋಡಬೇಕು. ಎರಡು ತಿಂಗಳ ಗಡುವು ಹುಡುಕುವುದಕ್ಕೆ ಸಾಕಾಗದಿದ್ದರೆ ಬೆಂಗಳೂರಿಗೆ ಹೋಗಿ, ಅಲ್ಲಿ ಕೆಲಸ ಮಾಡುತ್ತಲೇ ಹುಡುಕಲಿ.

ನೀವು ಬಲವಂತ ಮಾಡಬೇಡಿ. 26ರವನು ನಿಮ್ಮ ಒತ್ತಾಯಕ್ಕೆ ಹೋದರೆ ಅಲ್ಲಿ ಆದ ಪ್ರತಿ ಕಷ್ಟವೂ ನಿಮ್ಮ ತಲೆಗೆ ಬರುತ್ತದೆ. ಅದರ ಬದಲು ಅವನನ್ನು ಕೆಲವು ಪ್ರಶ್ನೆ ಕೇಳಿ, ವಿಚಾರಣೆಯ ಧಾಟಿಯಲ್ಲಿ ಬೇಡ. ಕಳೆದ ಒಂದು ವರ್ಷದಲ್ಲಿ ನಿನ್ನ ಕೆಲಸದಲ್ಲಿ ದೊಡ್ಡ ತಪ್ಪು ತೋರಿಸಿಕೊಟ್ಟವರು ಯಾರು? ಹೋದ ವರ್ಷ ಮಾಡಲು ಬಾರದ ಯಾವುದು ಈ ವರ್ಷ ಬರುತ್ತದೆ? ಬೇರೆ ಕಡೆ ಹೋಗುವುದಾದರೆ ನಿನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವ ಸೀನಿಯರ್ ಇದ್ದಾರಾ? ಇದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರೆ ಅವನು ಮನೆಯಲ್ಲಿದ್ದೂ ಬೆಳೆಯುತ್ತಿದ್ದಾನೆ, ನೀವು ನೆಮ್ಮದಿಯಿಂದಿರಿ. ತಡವರಿಸಿದರೆ ಆಫೀಸು ಬೇಕು ಅಂತ ಅವನಿಗೇ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ಬರೆಯಲೋ ಬೇಡವೋ ಅಂತ ಯೋಚಿಸಿದೆ. ನೀವು ಬಿಹಾರಕ್ಕೆ, ಆಂಧ್ರಕ್ಕೆ ಹೋದದ್ದನ್ನು ನಿಷ್ಠೆಯ ಉದಾಹರಣೆಯಾಗಿ ಹೇಳುತ್ತೀರಿ. ನಿಮ್ಮ ಮಟ್ಟಿಗೆ ಅದು ನಿಷ್ಠೆಯೇ. ಆಗ ಇಲ್ಲಿ ಅಮ್ಮನ ಜೊತೆ ಬೆಳೆದ ಹುಡುಗ ಅದರಿಂದ ಬೇರೆಯೇ ಪಾಠ ಕಲಿತಿರಬಹುದು. ಮನೆಯವರಿಗೆ ಬೇಕಾದಾಗ ನಾನು ಇರಬೇಕು ಅಂತ. ಕೇಳಿ ನೋಡಿ. ನಾನು ಕಂಡ ಬ್ಯಾಂಕಿನವರ ಮಕ್ಕಳಲ್ಲಿ ಈ ಮಾತು ಆಗಾಗ ಬರುತ್ತದೆ. ಟ್ರಾನ್ಸ್‌ಫರ್ ಅನ್ನುವ ಪದ ಕೇಳಿದರೆ ಅವರ ಮುಖವೇ ಬದಲಾಗುತ್ತದೆ.

ಅವನು ಇನ್ನೂ ಕೆಲವು ತಿಂಗಳು ಮನೆಯಲ್ಲೇ ಇರುವುದಾದರೆ ಮನೆಯವರೂ ಸ್ವಲ್ಪ ಹೊಂದಿಕೊಳ್ಳಬೇಕು. ಕೋಣೆಯ ಬಾಗಿಲು ಮುಚ್ಚಿದ್ದರೆ ಆಫೀಸಿನಲ್ಲಿದ್ದಾನೆ ಅಂತಲೇ ಲೆಕ್ಕ. ಗ್ಯಾಸ್ ಸಿಲಿಂಡರ್, ತೆಂಗಿನಕಾಯಿ ಕೀಳುವವನು, ದೊಡ್ಡಪ್ಪನ ಮನೆಯ ಪೂಜೆ, ಇವಕ್ಕೆಲ್ಲ ಹೊತ್ತು ಮೊದಲೇ ಕೇಳಿಕೊಳ್ಳಿ. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಮೆಸ್ಕಾಂ ಕರೆಂಟ್ ಲೈನು ಹೋಗುವುದು ಗ್ಯಾರಂಟಿ, ಹಾಗಾಗಿ ರೂಟರಿಗೂ ಇನ್ವರ್ಟರ್ ಸಂಪರ್ಕ ಕೊಡಿಸಿ, ಎರಡನೇ ಇಂಟರ್‌ನೆಟ್ ಒಂದು ಮೊಬೈಲ್ ಕಂಪನಿಯದ್ದಾದರೂ ಇರಲಿ. ಅವನೂ ಒಂದು ಕೆಲಸ ಮಾಡಬೇಕು: ರಾತ್ರಿ ಮೀಟಿಂಗ್ ಇದ್ದ ದಿನ ಹಿಂದಿನ ದಿನವೇ ಮನೆಯಲ್ಲಿ ಹೇಳಬೇಕು. ಹೇಳಿದರೆ ನಿಮಗೆ ಬೆಳಗ್ಗೆ ಸಿಟ್ಟು ಬರುವುದಿಲ್ಲ. ಮಂಡಿನೋವಿನ ವಿಷಯದಲ್ಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನಿವೃತ್ತರಾದ ನಿಮ್ಮದು ಯಾಕಾಗಬಾರದು ಅಂತ ನನಗೆ ಅರ್ಥವಾಗಲಿಲ್ಲ. ಅವನು ಬೆಂಗಳೂರಿಗೆ ಹೋಗಲಿ ಅಂತ ನಿಮಗೆ ನಿಜವಾಗಿ ಇದ್ದರೆ ಅಲ್ಲಿಂದ ಶುರು ಮಾಡಬಹುದು.

ಹೆಣ್ಣಿನ ಕಡೆಯವರ ಪ್ರಶ್ನೆ ಕೊನೆಗಿಟ್ಟೆ. ಕಂಪನಿಯ ಹೆಸರು ಹೇಳಿ, ಆಫೀಸು ಬೆಂಗಳೂರಿನಲ್ಲಿ, ಸದ್ಯ ಮನೆಯಿಂದ ಮಾಡುತ್ತಿದ್ದಾನೆ, ಇಷ್ಟರೊಳಗೆ ನಿರ್ಧಾರ ಆಗಬೇಕು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಚ್ಚಿಡಬೇಡಿ, ಯಾಕೆಂದರೆ ಹುಡುಗಿಗೂ ಕೆಲಸ ಇರುತ್ತದೆ, ಅವಳು ಎಲ್ಲಿ ಇರಬೇಕು ಅನ್ನುವುದು ಇದರ ಮೇಲೆ ನಿಂತಿರುತ್ತದೆ. ಹುಡುಗಿಯ ಅಪ್ಪ ನಿಮ್ಮ ಹಾಗೆ ಬ್ಯಾಂಕಿನವರಾಗಿದ್ದರೆ "ದಿನವಿಡೀ ಮನೆಯಲ್ಲೇ ಇರ್ತಾನಾ?" ಅಂತ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ, ಮಗ ಕೊಡಲಿ.